ಶಿಕಾಗೊ ಡೌನ್‌ಟೌನ್‌ಗೆ ಮೊದಲ ಸಲ: ಎರಡು ದಿನದಲ್ಲಿ ಏನು, ಯಾವ ಕ್ರಮದಲ್ಲಿ?

ಹೊಸಯಾತ್ರಿ

ಅಕ್ಟೋಬರ್ ಮಧ್ಯದಲ್ಲಿ ಶಿಕಾಗೊಗೆ ಬರುತ್ತಿದ್ದೇವೆ. ಗುರುವಾರ ರಾತ್ರಿ ಓಹೇರ್‌ನಲ್ಲಿ ಇಳಿದು ಭಾನುವಾರ ಬೆಳಿಗ್ಗೆ ವಾಪಸ್. ಪೂರ್ತಿಯಾಗಿ ಕೈಗೆ ಸಿಗುವುದು ಶುಕ್ರವಾರ, ಶನಿವಾರ. ನಾವಿಬ್ಬರು, ಅಪ್ಪ ಅಮ್ಮ, ಎಂಟು ವರ್ಷದ ಮಗಳು. ಹಿರಿಯರು ಒಂದೇ ಸಮ ಎರಡು ಕಿಲೋಮೀಟರ್ ನಡೆಯಬಲ್ಲರು, ಮೆಟ್ಟಿಲು ಮಾತ್ರ ಕಷ್ಟ. ಎಲ್ಲರೂ ಸಸ್ಯಾಹಾರಿಗಳು. ಹೋಟೆಲ್ ಲೂಪ್‌ನಲ್ಲೇ (ಕಂಬದ ಮೇಲಿನ ರೈಲುಹಳಿ ಸುತ್ತುವರಿದ ಡೌನ್‌ಟೌನ್‌ನ ನಡುಭಾಗ) ಇದೆ. ಡೌನ್‌ಟೌನ್ ಬಿಟ್ಟು ಆಚೆ ಹೋಗುವ ಯೋಚನೆ ಇಲ್ಲ. ಕಾರು ಬೇಕೇ? ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ?

ರೈಲುದಾರಿ

ಕಾರು ಬೇಡವೇ ಬೇಡ. ಲೂಪ್‌ನಲ್ಲಿ ದೂರ ಕಡಿಮೆ, ಪಾರ್ಕಿಂಗ್ ವಿಪರೀತ ದುಬಾರಿ. ಇಲ್ಲಿ ಹೊಸಬರ ಸಮಯ ತಿನ್ನುವುದು ದೂರವಲ್ಲ, ಮೂರು ಬೇರೆ ಸಂಗತಿಗಳು: ಮುಚ್ಚಿದ ಬಾಗಿಲು, ಸರತಿ ಸಾಲು, ಮೇಲಿನ ರಸ್ತೆಯೋ ಕೆಳಗಿನ ರಸ್ತೆಯೋ ಎಂಬ ಗೊಂದಲ. ಈ ಮೂರನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಎರಡು ದಿನ ಧಾರಾಳ.

ಓಹೇರ್‌ನಿಂದ ಬ್ಲೂ ಲೈನ್ ರೈಲು ಹಿಡಿಯಿರಿ. ದಿನದ 24 ಗಂಟೆಯೂ ಓಡುತ್ತದೆ, ಲೂಪ್‌ಗೆ ಸುಮಾರು 45 ನಿಮಿಷ. ಅಂತರರಾಷ್ಟ್ರೀಯ ವಿಮಾನದಲ್ಲಿ ಬಂದು ಟರ್ಮಿನಲ್ 5ರಲ್ಲಿ ಇಳಿದರೆ ಅಲ್ಲಿ ಈ ರೈಲು ಇಲ್ಲ. ವಿಮಾನ ನಿಲ್ದಾಣದೊಳಗಿನ ಉಚಿತ ರೈಲಿನಲ್ಲಿ ಟರ್ಮಿನಲ್ 2ಕ್ಕೆ ಬಂದು, ಅಲ್ಲಿಂದ ಸುರಂಗದ ಮೂಲಕ ನಡೆಯಬೇಕು. ಸೂಟ್‌ಕೇಸ್, ಹಿರಿಯರು ಇರುವುದರಿಂದ ಕ್ಲಾರ್ಕ್/ಲೇಕ್ ಅಥವಾ ಜಾಕ್ಸನ್‌ನಲ್ಲಿ ಇಳಿಯಿರಿ, ಎರಡರಲ್ಲೂ ಲಿಫ್ಟ್ ಇದೆ. ಇವುಗಳ ನಡುವೆ ಬರುವ ವಾಷಿಂಗ್ಟನ್, ಮನ್ರೋ ನಿಲ್ದಾಣಗಳಲ್ಲಿ ಇಳಿದರೆ ಸಾಮಾನು ಹೊತ್ತು ಮೆಟ್ಟಿಲು ಹತ್ತಬೇಕಾಗುತ್ತದೆ.

ಟಿಕೆಟ್‌ಗೆ ಇಲ್ಲಿನ ರೈಲು-ಬಸ್ಸುಗಳ ವೆಂಟ್ರಾ ಕಾರ್ಡ್, ಇಲ್ಲವೇ ಟ್ಯಾಪ್ ಮಾಡಬಹುದಾದ ಬ್ಯಾಂಕ್ ಕಾರ್ಡ್ ಸಾಕು. ಓಹೇರ್‌ನಲ್ಲಿ ಹತ್ತುವಾಗ ಬಿಡಿ ಪ್ರಯಾಣದ ದರ ಊರೊಳಗಿನದಕ್ಕಿಂತ ಹೆಚ್ಚು, ಅದನ್ನು ನೋಡಿ ಗಾಬರಿಯಾಗಬೇಡಿ. ಮಗಳಿಗೆ ಎಂಟು ಅಂದಿರಿ. ಏಳು ತುಂಬದ ಮಕ್ಕಳಿಗೆ ಉಚಿತ, 7ರಿಂದ 11ರವರೆಗೆ ರಿಯಾಯಿತಿ ದರ. ಹಾಗಾಗಿ ಅವಳಿಗೂ ಪಾವತಿ ಉಂಟು. ಬಸ್ಸಿನಲ್ಲಿ ನಗದು ಹಾಕಿದರೆ ಚಿಲ್ಲರೆ ವಾಪಸ್ ಬರುವುದಿಲ್ಲ.

ಹೆಸರುಗಳ ವಿಷಯದಲ್ಲಿ ಎಚ್ಚರ. ‘ವಾಷಿಂಗ್ಟನ್’ ಎಂಬುದು ನೆಲದಡಿಯ ಬ್ಲೂ ಲೈನ್ ನಿಲ್ದಾಣ. ‘ವಾಷಿಂಗ್ಟನ್/ವಬಾಶ್’, ‘ವಾಷಿಂಗ್ಟನ್/ವೆಲ್ಸ್’ ಎರಡೂ ಕಂಬದ ಮೇಲಿನವು, ಲೂಪ್‌ನ ಎದುರುಬದುರು ಬದಿಗಳಲ್ಲಿವೆ. ‘ಶಿಕಾಗೊ’ ಎಂಬ ನಿಲ್ದಾಣ ರೆಡ್, ಬ್ರೌನ್, ಬ್ಲೂ ಮೂರೂ ಲೈನುಗಳಲ್ಲಿದೆ. ಮೂರೂ ಶಿಕಾಗೊ ಅವೆನ್ಯೂ ಮೇಲೆಯೇ ಇದ್ದರೂ ಒಂದರಿಂದ ಇನ್ನೊಂದಕ್ಕೆ ಸಾಕಷ್ಟು ದೂರ. ಫೋನಿನಲ್ಲಿ ನಿಲ್ದಾಣದ ಹೆಸರಿನ ಜೊತೆ ಲೈನಿನ ಬಣ್ಣವನ್ನೂ ನೋಡಿಕೊಳ್ಳಿ.

ವಿಳಾಸ ಓದುವುದನ್ನು ಕಲಿತರೆ ಅರ್ಧ ಗೆದ್ದ ಹಾಗೆ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಸೇರುವ ಮೂಲೆಯೇ ಸೊನ್ನೆ. ಅಲ್ಲಿಂದ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮಕ್ಕೆ ಸಂಖ್ಯೆ ಏರುತ್ತ ಹೋಗುತ್ತದೆ, 800 ಅಂದರೆ ಒಂದು ಮೈಲಿ. 800 ನಾರ್ತ್ ಎಂದರೆ ಮ್ಯಾಡಿಸನ್‌ನಿಂದ ಒಂದು ಮೈಲಿ ಉತ್ತರಕ್ಕೆ. ದಕ್ಷಿಣದ ಮೊದಲ ಮೂರು ಮೈಲಿ ಮಾತ್ರ ಇದಕ್ಕೆ ಅಪವಾದ: ಅಲ್ಲಿ ಮೊದಲ ಮೈಲಿ ಮುಗಿಯುವುದು ರೂಸ್‌ವೆಲ್ಟ್ ರಸ್ತೆಯ 1200ಕ್ಕೆ. ಸಮಸಂಖ್ಯೆಗಳು ರಸ್ತೆಯ ಉತ್ತರ ಮತ್ತು ಪಶ್ಚಿಮ ಬದಿಗೆ, ಬೆಸಸಂಖ್ಯೆಗಳು ದಕ್ಷಿಣ ಮತ್ತು ಪೂರ್ವ ಬದಿಗೆ.

ನದಿದಂಡೆ

ಶುಕ್ರವಾರ ಬೆಳಿಗ್ಗೆ ಮೊದಲ ಕೆಲಸವಾಗಿ ನದಿಯ ಮೇಲಿನ ಆರ್ಕಿಟೆಕ್ಚರ್ ಬೋಟ್ ಟೂರ್ ಇಟ್ಟುಕೊಳ್ಳಿ. ಬಹಳಷ್ಟು ಜನ ಕೊನೆಯ ದಿನಕ್ಕೆ ಬಿಡುತ್ತಾರೆ, ಅದು ತಿರುಗುಮುರುಗು. ಒಂದೂವರೆ ಗಂಟೆ ಕೂತು ಊರಿನ ನಕ್ಷೆ ತಲೆಗೆ ಇಳಿದ ಮೇಲೆ ಮುಂದಿನ ನಡಿಗೆಯೆಲ್ಲ ಸಲೀಸು. ಹಿರಿಯರಿಗೂ ಸುಸ್ತಿಲ್ಲ.

ಟಿಕೆಟ್ ತೆಗೆದುಕೊಳ್ಳುವಾಗ ಹೆಸರು ಸರಿಯಾಗಿ ಓದಿ. ‘ಆರ್ಕಿಟೆಕ್ಚರ್’ ಟೂರ್ ನದಿಯ ಮೂರೂ ಕವಲುಗಳಲ್ಲಿ ಸುತ್ತುತ್ತದೆ. ‘ಲೇಕ್ ಅಂಡ್ ರಿವರ್’ ಎಂದಿದ್ದರೆ ಲಾಕ್ (ನದಿ, ಸರೋವರಗಳ ನಡುವಿನ ನೀರಿನ ಬಾಗಿಲು) ದಾಟಿ ಮಿಶಿಗನ್ ಸರೋವರಕ್ಕೂ ಹೋಗುತ್ತದೆ. ಲಾಕ್‌ನಲ್ಲಿ ನೀರಿನ ಮಟ್ಟ ಸರಿಹೊಂದುವವರೆಗೆ ಕಾಯಬೇಕು, ಕಟ್ಟಡಗಳಿಗೆ ಸಿಗುವ ಹೊತ್ತು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮೊದಲ ಸಲಕ್ಕೆ ಆರ್ಕಿಟೆಕ್ಚರ್ ಟೂರೇ ಸರಿ. ಶಿಕಾಗೊ ಆರ್ಕಿಟೆಕ್ಚರ್ ಸೆಂಟರ್‌ನವರ ತರಬೇತಾದ ಮಾರ್ಗದರ್ಶಕರು ವಿವರಿಸುವ ಟೂರ್ ‘ಶಿಕಾಗೊಸ್ ಫಸ್ಟ್ ಲೇಡಿ’ ಬೋಟುಗಳಲ್ಲಿ ನಡೆಯುತ್ತದೆ. 1935ರಿಂದ ನಡೆಯುತ್ತಿರುವ ವೆಂಡೆಲ್ಲಾ ಬೋಟುಗಳೂ ಚೆನ್ನಾಗಿವೆ.

ಬೋಟ್ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಎಡಕ್ಕೆ ಕೂರಬೇಕೋ ಬಲಕ್ಕೋ ಎಂದು ತಲೆಕೆಡಿಸಿಕೊಳ್ಳಬೇಡಿ. ಮೇಲಿನ ಡೆಕ್‌ನಲ್ಲಿ ಐದು ಜನರಿಗೆ ಒಟ್ಟಿಗೆ ಜಾಗ ಬೇಕಿದ್ದರೆ ಅರ್ಧ ಗಂಟೆ ಮುಂಚೆ ಸಾಲಿನಲ್ಲಿರಿ. ಆ ತಿಂಗಳಲ್ಲಿ ಹಗಲು 15-17 ಡಿಗ್ರಿ ಇದ್ದರೂ ನೀರಿನ ಮೇಲಿನ ಗಾಳಿ ಕಿವಿ ಕೊರೆಯುತ್ತದೆ. ಅಮ್ಮನಿಗೆ ಸ್ವೆಟರ್ ಜೊತೆಗೆ ಗಾಳಿ ತಡೆಯುವ ಹೊರಕೋಟು, ಕಿವಿ ಮುಚ್ಚುವ ಟೋಪಿ ಇರಲಿ.

ಮಗಳಿಗೆ ಇದನ್ನು ತೋರಿಸಿ: ನದಿ ಸರೋವರಕ್ಕೆ ಹರಿಯುತ್ತಿಲ್ಲ, ಸರೋವರದಿಂದ ಆಚೆಗೆ ಹರಿಯುತ್ತಿದೆ. ಊರಿನ ಕೊಳಚೆ ನದಿ ಸೇರಿ, ನದಿ ಸರೋವರ ಸೇರಿ, ಅದೇ ಸರೋವರದ ನೀರು ಕುಡಿಯುವ ಪರಿಸ್ಥಿತಿ ಇತ್ತು. 28 ಮೈಲಿ ಉದ್ದದ ಕಾಲುವೆ ತೋಡಿ 1900ರಲ್ಲಿ ನದಿಯ ಹರಿವನ್ನೇ ತಿರುಗಿಸಿದರು.

ಈಗ ಮೇಲೆ-ಕೆಳಗೆ ಗೊಂದಲ. ಬೋಟ್ ಹತ್ತುವ ಜಾಗ ನದಿಯ ಮಟ್ಟದಲ್ಲಿದೆ, ನೀವು ನಡೆದು ಬರುವ ಮಿಶಿಗನ್ ಅವೆನ್ಯೂ ಅದಕ್ಕಿಂತ ಎರಡು ಅಂತಸ್ತು ಎತ್ತರದಲ್ಲಿ. ವ್ಯಾಕರ್ ಡ್ರೈವ್ 1926ರಿಂದಲೇ ಎರಡು ಮಟ್ಟದ ರಸ್ತೆ, ಪೂರ್ವ ತುದಿಯಲ್ಲಿ ಕೆಲವೆಡೆ ಮೂರು ಮಟ್ಟ. ಕೆಳಗಿನ ವ್ಯಾಕರ್‌ನಲ್ಲಿ ಜಿಪಿಎಸ್ ಸಿಗ್ನಲ್ ಸಿಗದೆ ನಕ್ಷೆಯ ಚುಕ್ಕಿ ಎಲ್ಲೆಲ್ಲೋ ಕುಣಿಯುತ್ತದೆ. ಊಬರ್ ಕರೆದಾಗ ಚಾಲಕ ನಿಮ್ಮ ಕಾಲಡಿಯ ರಸ್ತೆಯಲ್ಲಿ ನಿಂತು ‘ಬಂದಿದ್ದೇನೆ’ ಎನ್ನುವುದು ಇಲ್ಲಿ ತೀರ ಸಾಮಾನ್ಯ. ಪಿಕಪ್ ಜಾಗವನ್ನು ಮಿಶಿಗನ್, ವ್ಯಾಕರ್ ಬಿಟ್ಟು ಸ್ಟೇಟ್ ಅಥವಾ ವಬಾಶ್‌ನಂಥ ಒಂದೇ ಮಟ್ಟದ ರಸ್ತೆಗೆ, ನದಿಯಿಂದ ಒಂದೆರಡು ಬ್ಲಾಕ್ ಒಳಕ್ಕೆ ಇಡಿ. ಹಿರಿಯರಿಗೆ ಮೆಟ್ಟಿಲಿಲ್ಲದ ದಾರಿ ಯಾವುದೆಂದು ಬೋಟ್ ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ, ಬೋಟ್ ಬಿಡುವ ಹತ್ತು ನಿಮಿಷ ಮುಂಚೆ ಹುಡುಕಲು ಹೊರಟರೆ ಕೈಗೆಟುಕುವುದಿಲ್ಲ.

ಕಂಬತೊಲೆ

ಶುಕ್ರವಾರ ಸಿಕ್ಕಿರುವುದು ನಿಮ್ಮ ಪುಣ್ಯ. ಲೂಪ್‌ನ ಅತ್ಯುತ್ತಮ ಒಳಾಂಗಣಗಳಲ್ಲಿ ಹಲವು ಕಚೇರಿ ಕಟ್ಟಡಗಳ ಲಾಬಿಗಳು. ಕೆಲಸದ ದಿನ ತೆರೆದಿರುತ್ತವೆ, ಶನಿವಾರ ಭಾನುವಾರ ಬೀಗ. ಬೋಟ್ ಮುಗಿಸಿ ಊಟ ಮಾಡಿದ ಮೇಲೆ ಈ ದಾರಿ ಹಿಡಿಯಿರಿ. ಒಟ್ಟು ಎರಡು ಕಿಲೋಮೀಟರ್‌ಗಿಂತ ಕಡಿಮೆ, ಪೂರ್ತಿ ಸಮತಟ್ಟು, ಕಾಸು ಖರ್ಚಿಲ್ಲ.

ಶುರು ಮಾಡುವುದು ಕಲ್ಚರಲ್ ಸೆಂಟರ್‌ನಿಂದ, ಮಿಶಿಗನ್ ಮತ್ತು ವಾಷಿಂಗ್ಟನ್ ಮೂಲೆ. 1897ರಲ್ಲಿ ಸಾರ್ವಜನಿಕ ಗ್ರಂಥಾಲಯವಾಗಿ ತೆರೆದದ್ದು. ವಾಷಿಂಗ್ಟನ್ ಬದಿಯ ಬಾಗಿಲಿನಿಂದ ಒಳಹೋಗಿ ಲಿಫ್ಟ್‌ನಲ್ಲಿ ಮೂರನೇ ಮಹಡಿಗೆ ಹೋದರೆ 38 ಅಡಿ ಅಗಲದ ಟಿಫನಿ ಗಾಜಿನ ಗುಮ್ಮಟ. ಅದೇ ಕಟ್ಟಡದ ಉತ್ತರ ಭಾಗದಲ್ಲಿ ಇನ್ನೊಂದು ಗಾಜಿನ ಗುಮ್ಮಟ ಇದೆ, ಮೊದಲನೆಯದನ್ನು ನೋಡಿದವರು ಅಲ್ಲೇ ತಿರುಗಿ ಹೊರಟುಬಿಡುತ್ತಾರೆ. ಎರಡನ್ನೂ ನೋಡಿ. ಅಲ್ಲಿಂದ ವಾಷಿಂಗ್ಟನ್ ರಸ್ತೆಯಲ್ಲೇ ಪಶ್ಚಿಮಕ್ಕೆ, ಸ್ಟೇಟ್ ಮೂಲೆಯ ಮೇಸೀಸ್ ಅಂಗಡಿಯೊಳಗೆ 1907ರ ಟಿಫನಿ ಮೊಸಾಯಿಕ್ ಚಾವಣಿ. ಕೆಳಗೆ ನಿಂತು ತಲೆ ಎತ್ತಿದರೆ ಸಾಕು. ಮುಂದೆ ಡೇಲಿ ಪ್ಲಾಜಾದಲ್ಲಿ 50 ಅಡಿಯ ಪಿಕಾಸೊ ಶಿಲ್ಪ, 1967ರದು. ಅದರ ಇಳಿಜಾರು ಪೀಠದ ಮೇಲೆ ಮಕ್ಕಳು ಜಾರುಬಂಡಿ ಆಡುತ್ತಾರೆ, ಯಾರೂ ಬೈಯುವುದಿಲ್ಲ. ರಸ್ತೆಯಾಚೆ ಮಿರೋ ಶಿಲ್ಪ. ಡಿಯರ್ಬಾರ್ನ್ ರಸ್ತೆಯಲ್ಲಿ ದಕ್ಷಿಣಕ್ಕೆ ತಿರುಗಿದರೆ ಮನ್ರೋ ಹತ್ತಿರ ಶಗಾಲ್‌ನ 70 ಅಡಿ ಉದ್ದದ ಮೊಸಾಯಿಕ್, ಆಡಮ್ಸ್ ಹತ್ತಿರ ಕಾಲ್ಡರ್‌ನ ಕೆಂಪು ‘ಫ್ಲೆಮಿಂಗೊ’.

ಮೊನಾಡ್‌ನಾಕ್ ಕಟ್ಟಡದ ಮುಂದೆ ಮಾತ್ರ ಹತ್ತು ನಿಮಿಷ ನಿಲ್ಲಿ. ಜಾಕ್ಸನ್ ಮತ್ತು ಡಿಯರ್ಬಾರ್ನ್ ಮೂಲೆ. ಮೇಲ್ನೋಟಕ್ಕೆ ಅಲಂಕಾರವೇ ಇಲ್ಲದ ಕಂದು ಗೋಡೆ. ಗಗನಚುಂಬಿ ಕಟ್ಟುವ ವಿಧಾನ ಬದಲಾದ ಘಳಿಗೆ ಈ ಒಂದೇ ಕಟ್ಟಡದಲ್ಲಿ ಕಣ್ಣಿಗೆ ಕಾಣುತ್ತದೆ. ಉತ್ತರದ ಅರ್ಧ 1891ರದು: 16 ಅಂತಸ್ತಿನ ಹೊರಗೋಡೆಯ ಭಾರವನ್ನು ಇಟ್ಟಿಗೆಯೇ ಹೊತ್ತಿದೆ. ಮೇಲಿನ ಭಾರ ತಡೆಯಲು ನೆಲಮಟ್ಟದಲ್ಲಿ ಗೋಡೆ ಆರು ಅಡಿ ದಪ್ಪ, ಆ ಕಾರಣಕ್ಕೇ ಬುಡದಲ್ಲಿ ಗೋಡೆ ಹೊರಕ್ಕೆ ಬಾಗಿ ಅಗಲವಾಗಿದೆ. ಶಿಕಾಗೊದ ಮೆತ್ತನೆಯ ಜೇಡಿಮಣ್ಣಿನಲ್ಲಿ ಕಟ್ಟಡ ಲೆಕ್ಕಾಚಾರಕ್ಕಿಂತ ಹೆಚ್ಚೇ ಕುಸಿಯಿತು. ಎರಡೇ ವರ್ಷದ ನಂತರ, 1893ರಲ್ಲಿ, ದಕ್ಷಿಣದ ಅರ್ಧವನ್ನು ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದರು. ಎರಡೂ ಭಾಗದ ಕಿಟಕಿಗಳ ಆಳ ಹೋಲಿಸಿ ನೋಡಿ: ಒಂದು ಕಡೆ ಗಾಜು ಗೋಡೆಯೊಳಗೆ ಹುದುಗಿದೆ, ಇನ್ನೊಂದು ಕಡೆ ಗೋಡೆಯ ಹೊರಮೈಗೆ ಬಂದಿದೆ. ಉಕ್ಕು ಭಾರ ಹೊತ್ತ ಮೇಲೆ ಗೋಡೆಗೆ ಕೆಲಸವೇ ಉಳಿಯಲಿಲ್ಲ. ಇದನ್ನು ನೋಡಿದ ಮೇಲೆ ಊರಿನ ಮಿಕ್ಕ ಗಾಜಿನ ಗೋಪುರಗಳೆಲ್ಲ ಅರ್ಥವಾಗತೊಡಗುತ್ತವೆ.

ಕೊನೆಗೆ ಲಸಾಲ್ ಮತ್ತು ಆಡಮ್ಸ್ ಮೂಲೆಯ ರೂಕರಿ ಕಟ್ಟಡ, 1888ರದು. ಒಳಗಿನ ಬೆಳಕಿನಂಗಳವನ್ನು 1905ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಿಳಿ ಅಮೃತಶಿಲೆ, ಚಿನ್ನದ ಬಣ್ಣದಲ್ಲಿ ಮರುರೂಪಿಸಿದ್ದು. ಕಚೇರಿ ಬಿಡುವ ಹೊತ್ತಿಗೆ ಮುಂಚೆ, ನಾಲ್ಕು ಗಂಟೆಯೊಳಗೆ ತಲುಪಿ. ಹಿಂದುಗಡೆಯೇ ಕ್ವಿನ್ಸಿ ನಿಲ್ದಾಣ. 1897ರಲ್ಲಿ ತೆರೆದಾಗಿನ ರೂಪಕ್ಕೆ ಮರಳಿಸಿ ಕಾಪಾಡಿದ್ದಾರೆ, ಲಿಫ್ಟ್ ಸಹ ಇದೆ.

ರೈಲುದಾರಿ

ಕ್ವಿನ್ಸಿಗೆ ಬಂದವರು ಅಲ್ಲಿಂದ ಬ್ರೌನ್ ಲೈನ್ ಹತ್ತಿಬಿಡಿ. ಲೂಪ್‌ನ ಮೂರು ಬದಿ ಸುತ್ತಿ ನದಿ ದಾಟಿ ಮರ್ಚಂಡೈಸ್ ಮಾರ್ಟ್ ನಿಲ್ದಾಣಕ್ಕೆ ಹೋಗುತ್ತದೆ. ಕಚೇರಿ ಕಿಟಕಿಗಳ ಪಕ್ಕದಲ್ಲೇ ಎರಡನೇ ಮಹಡಿಯ ಎತ್ತರದಲ್ಲಿ ಓಡುವ ಈ ರೈಲು ಮಗಳಿಗೆ ಬಹಳ ಇಷ್ಟವಾದೀತು. ಬ್ರೌನ್ ಲೈನ್ ಅಪ್ರದಕ್ಷಿಣೆ, ಆರೆಂಜ್, ಪಿಂಕ್, ಪರ್ಪಲ್ ಪ್ರದಕ್ಷಿಣೆ. ಕ್ವಿನ್ಸಿಯಲ್ಲಿ ಎರಡು ಪ್ಲಾಟ್‌ಫಾರ್ಮ್ ಎದುರುಬದುರು, ಬಣ್ಣ ನೋಡಿಕೊಂಡೇ ಹತ್ತಿ. ಸಂಜೆ ಐದರಿಂದ ಆರರವರೆಗೆ ಕೂರಲು ಜಾಗ ಸಿಗದು. ಬಾಗಿಲ ಪಕ್ಕದ ಸೀಟಿನಲ್ಲಿ ಫೋನ್ ಕೈಯಲ್ಲಿ ಹಿಡಿದು ಕೂರಬೇಡಿ, ಬಾಗಿಲು ಮುಚ್ಚುವ ಕ್ಷಣದಲ್ಲಿ ಕಿತ್ತುಕೊಂಡು ಓಡುವವರಿದ್ದಾರೆ.

ಹೊಸಯಾತ್ರಿ

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎರಡು ಸಂದೇಹ. ಎತ್ತರದಿಂದ ಊರು ನೋಡಲು ವಿಲ್ಲಿಸ್ ಟವರ್‌ನ ಸ್ಕೈಡೆಕ್‌ಗೋ ‘360 ಶಿಕಾಗೊ’ಗೋ? ಎರಡಕ್ಕೂ ಹೋಗುವಷ್ಟು ದುಡ್ಡು ಖರ್ಚು ಮಾಡುವ ಮನಸ್ಸಿಲ್ಲ. ವಿವೇಕಾನಂದರು ಮಾತಾಡಿದ ಜಾಗ ನೋಡಬೇಕೆಂದು ಅಪ್ಪನ ಆಸೆ. ಅದು ಲೂಪ್‌ನಲ್ಲೇ ಇದೆಯೇ?

ಮೋಡನೋಟ

ಎತ್ತರದ ಹೆಸರು ಬೇಕಿದ್ದರೆ ವಿಲ್ಲಿಸ್, ನೋಟ ಬೇಕಿದ್ದರೆ 360.

ವಿಲ್ಲಿಸ್ 110 ಅಂತಸ್ತು, 442 ಮೀಟರ್. ಸ್ಕೈಡೆಕ್ 103ನೇ ಮಹಡಿಯಲ್ಲಿ. ಗೋಡೆಯಿಂದ ಸುಮಾರು ನಾಲ್ಕು ಅಡಿ ಹೊರಚಾಚಿದ ಗಾಜಿನ ಪೆಟ್ಟಿಗೆಗಳೇ ಅಲ್ಲಿನ ಮುಖ್ಯ ಆಕರ್ಷಣೆ, ಮಕ್ಕಳಿಗೆ ಅದೇ ಹಬ್ಬ. ಆದರೆ ಆ ಪೆಟ್ಟಿಗೆಗೆ ಪ್ರತ್ಯೇಕ ಸಾಲು, ಒಳಗೆ ನಿಲ್ಲಲು ಸಿಗುವುದು ಸ್ವಲ್ಪವೇ ಹೊತ್ತು. ‘360’ ಮಿಶಿಗನ್ ಅವೆನ್ಯೂದ ಉತ್ತರ ತುದಿಯ ಹಳೆಯ ಜಾನ್ ಹ್ಯಾಂಕಾಕ್ ಕಟ್ಟಡದ 94ನೇ ಮಹಡಿ. ಎತ್ತರ ಕಡಿಮೆಯಾದರೂ ಸರೋವರದ ಅಂಚು ಕಾಲಬುಡದಲ್ಲೇ, ದಕ್ಷಿಣಕ್ಕೆ ತಿರುಗಿದರೆ ವಿಲ್ಲಿಸ್ ಸಮೇತ ಇಡೀ ಲೂಪ್. ವಿಲ್ಲಿಸ್ ಮೇಲೆ ನಿಂತರೆ ವಿಲ್ಲಿಸ್ ಕಾಣುವುದಿಲ್ಲವಲ್ಲ. ಹಿರಿಯರು ಇರುವುದರಿಂದ ನನ್ನ ಮತ 360ಕ್ಕೆ.

ಎರಡರ ರಚನೆಯ ಹಿಂದೆಯೂ ಇದ್ದ ಎಂಜಿನಿಯರ್ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ಖಾನ್, ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ. ವಿಲ್ಲಿಸ್ ಎಂದರೆ ಒಂದಕ್ಕೊಂದು ಕಟ್ಟಿದ ಒಂಬತ್ತು ಚೌಕ ಕೊಳವೆಗಳು. 50ನೇ ಮಹಡಿಗೆ ಎರಡು ನಿಲ್ಲುತ್ತವೆ, 66ಕ್ಕೆ ಎರಡು, 90ಕ್ಕೆ ಮೂರು, ತುದಿ ಮುಟ್ಟುವುದು ಉಳಿದ ಎರಡೇ. ಬೋಟ್‌ನಿಂದ ನೋಡುವಾಗ ಮಗಳಿಗೆ ಎಣಿಸಲು ಹೇಳಿ.

ಟಿಕೆಟ್ ವಾರದ ಮುಂಚೆ ತೆಗೆಯಬೇಡಿ. ಅಂದು ಬೆಳಿಗ್ಗೆ ಕೆಳಗಿನಿಂದ ಕಟ್ಟಡದ ನೆತ್ತಿ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಮೇಲಿನಿಂದಲೂ ಏನೂ ಕಾಣದು, ಬಿಳಿ ಗೋಡೆ ನೋಡಲು ದುಡ್ಡು ಕೊಟ್ಟ ಹಾಗೆ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯಾಸ್ತ ಸಂಜೆ ಆರು ಗಂಟೆ ಹತ್ತು ನಿಮಿಷದ ಆಸುಪಾಸು. ಐದೂಕಾಲಿಗೆ ಮೇಲಿದ್ದರೆ ಹಗಲು, ಸಂಜೆಗೆಂಪು, ದೀಪ ಮೂರೂ ಒಂದೇ ಟಿಕೆಟ್‌ನಲ್ಲಿ ಸಿಗುತ್ತವೆ.

ಚಿತ್ರಶಾಲೆ

ನಿಮ್ಮ ತಂದೆಯವರಿಗೆ: 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಆರಂಭವಾದದ್ದು ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಇರುವ ಕಟ್ಟಡದಲ್ಲೇ. ಮಿಶಿಗನ್ ಮತ್ತು ಆಡಮ್ಸ್, ಹೊರಗೆ ಎರಡು ಕಂಚಿನ ಸಿಂಹ. ವಿವೇಕಾನಂದರು ಮಾತಾಡಿದ ಕೊಲಂಬಸ್ ಸಭಾಂಗಣ ತಾತ್ಕಾಲಿಕವಾಗಿ ಕಟ್ಟಿದ್ದು, ಅದು ಉಳಿದಿಲ್ಲ, ಹಾಗಾಗಿ ‘ಆ ವೇದಿಕೆ ಎಲ್ಲಿ’ ಎಂದು ಹುಡುಕುವುದು ಬೇಡ. ಕಟ್ಟಡದ ಮುಂದಿನ ಮಿಶಿಗನ್ ಅವೆನ್ಯೂ ಭಾಗಕ್ಕೆ ‘ಸ್ವಾಮಿ ವಿವೇಕಾನಂದ ವೇ’ ಎಂಬ ಗೌರವ ಫಲಕ ಇದೆ, ಫೋಟೊ ಅಲ್ಲಿ ತೆಗೆಯಬಹುದು.

ಮ್ಯೂಸಿಯಂ ಮಂಗಳವಾರ, ಬುಧವಾರ ರಜೆ. ನಿಮ್ಮ ಶುಕ್ರ-ಶನಿಗೆ ತೊಂದರೆ ಇಲ್ಲ, ಬಾಗಿಲು ತೆರೆಯುವುದು 11ಕ್ಕೆ. ಶನಿವಾರ 11ಕ್ಕೆ ಸಿಂಹಗಳ ಬಾಗಿಲಲ್ಲಿ ಉದ್ದ ಸಾಲು ಕಂಡರೆ ಪಕ್ಕದ ಮನ್ರೋ ರಸ್ತೆಯ ಮಾಡರ್ನ್ ವಿಂಗ್ ಬಾಗಿಲಿಗೆ ಹೋಗಿ. 14ರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಎರಡೂವರೆ ಗಂಟೆ ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚಾದರೆ ಮಗುವೂ ಸುಸ್ತು, ಹಿರಿಯರೂ ಸುಸ್ತು. ಮೊದಲು ಸೂರಾನ ‘ಗ್ರಾಂದ್ ಜಾತ್’ ಚಿತ್ರ. ಹತ್ತಿರದಿಂದ ಬರೀ ಚುಕ್ಕೆ, ಹಿಂದೆ ಸರಿದಂತೆ ಜನ, ಮರ, ನೀರು ಕೂಡಿಕೊಳ್ಳುತ್ತವೆ. ಆಮೇಲೆ ಹಾಪರ್‌ನ ‘ನೈಟ್‌ಹಾಕ್ಸ್’, ಗ್ರಾಂಟ್ ವುಡ್‌ನ ‘ಅಮೆರಿಕನ್ ಗಾಥಿಕ್’. ಮಗಳಿಗಾಗಿ ಕೆಳಮಹಡಿಯ ಥಾರ್ನ್ ಮಿನಿಯೇಚರ್ ಕೋಣೆಗಳು ತಪ್ಪಬಾರದು: 68 ಪುಟಾಣಿ ಕೋಣೆಗಳು, ಒಂದು ಅಡಿಗೆ ಒಂದು ಇಂಚಿನ ಅಳತೆ, ಪೀಠೋಪಕರಣ ಸಮೇತ.

ಮಿಲೆನಿಯಂ ಪಾರ್ಕ್ ಮ್ಯೂಸಿಯಂಗೆ ಅಂಟಿಕೊಂಡೇ ಇದೆ, ಪ್ರವೇಶ ಉಚಿತ. ‘ಬೀನ್’ ಎಂದು ಕರೆಯುವ ಅನೀಶ್ ಕಪೂರ್ ಅವರ ‘ಕ್ಲೌಡ್ ಗೇಟ್’ 168 ಸ್ಟೀಲ್ ತಗಡುಗಳನ್ನು ಬೆಸೆದು ಮಾಡಿದ್ದು, ಒಂದು ಬೆಸುಗೆಯೂ ಕಾಣುವುದಿಲ್ಲ. ಶನಿವಾರ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರದು, ಒಂಬತ್ತರೊಳಗೆ ಹೋಗಿ. ಕಮಾನಿನ ಕೆಳಗೆ ಹೋಗಿ ತಲೆ ಎತ್ತಿ ನೋಡುವುದನ್ನು ಮರೆಯಬೇಡಿ, ಒಳಮೈಯ ಪ್ರತಿಬಿಂಬವೇ ಹೊರಮೈಗಿಂತ ಚೆಂದ.

ಊಟದಡ್ಡ

ಇಲ್ಲಿನ ಹೆಸರಾಂತ ದಪ್ಪ ಪಿಜ್ಜಾ, ಅಂದರೆ ಡೀಪ್ ಡಿಶ್ ಪಿಜ್ಜಾ, ಬೇಯಲು 35ರಿಂದ 45 ನಿಮಿಷ ಬೇಕು. ಹಸಿದ ಮಗುವನ್ನು ಕೂರಿಸಿಕೊಂಡು ಆರ್ಡರ್ ಮಾಡಿದರೆ ರಂಪ ಖಂಡಿತ. ಹೆಸರು ಬರೆಸುವಾಗಲೇ ಪಿಜ್ಜಾ ಆರ್ಡರನ್ನೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿ, ಹಲವು ಕಡೆ ಒಪ್ಪುತ್ತಾರೆ. ಪಾಲಕ್ ಮತ್ತು ಚೀಸ್ ಹಾಕಿದ್ದು ಸಸ್ಯಾಹಾರಿಗಳಿಗೆ ಸುಲಭದ ಆಯ್ಕೆ. ಒಬ್ಬರಿಗೆ ಎರಡು ತುಂಡಿಗಿಂತ ಹೆಚ್ಚು ಸಾಗುವುದಿಲ್ಲ, ಐವರಿಗೆ ದೊಡ್ಡದೊಂದು ಸಾಕು. ಜಾರ್ಡಿನೇರಾ ಎಂಬ ಎಣ್ಣೆಯಲ್ಲಿ ಹಾಕಿಟ್ಟ ಖಾರದ ತರಕಾರಿ ಉಪ್ಪಿನಕಾಯಿ ಕೇಳಿ ಹಾಕಿಸಿಕೊಳ್ಳಿ, ಸಪ್ಪೆ ಎನ್ನುವ ದೂರು ಇರುವುದಿಲ್ಲ. ತರಕಾರಿ ಸೂಪ್ ಎಂದು ಬರೆದಿದ್ದರೂ ಕೋಳಿಯ ಸಾರಿನಲ್ಲಿ ಮಾಡಿರಬಹುದು, ‘ಚಿಕನ್ ಬ್ರಾತ್ ಇದೆಯೇ’ ಎಂದೇ ಕೇಳಬೇಕು. ಬಡಿಸುವವರಿಗೆ ಟಿಪ್ 18ರಿಂದ 20 ಶೇಕಡ. ಐದಾರು ಜನರ ಗುಂಪಾದರೆ ಬಿಲ್ಲಿನಲ್ಲೇ ಸೇರಿಸಿರುವುದುಂಟು, ನೋಡಿ ಕೊಡಿ.

ಗಾಳಿಪಟ

ಯಾರೂ ಹೇಳದ ಎರಡು ವಿಷಯ.

ರೈಲು ನಿಲ್ದಾಣಗಳಲ್ಲಿ ಸಾರ್ವಜನಿಕ ಶೌಚಾಲಯ ಇಲ್ಲ ಎಂದೇ ತಿಳಿಯಿರಿ. ಕಲ್ಚರಲ್ ಸೆಂಟರ್, ಮೇಸೀಸ್, ಮಿಲೆನಿಯಂ ಪಾರ್ಕ್, ದಕ್ಷಿಣದಲ್ಲಿ ಸ್ಟೇಟ್ ರಸ್ತೆಯ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯ, ಈ ನಾಲ್ಕನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಕಂಬತೊಲೆಯವರ ದಾರಿಯಲ್ಲಿ ಮೇಸೀಸ್ ಆದಮೇಲೆ ಸುಲಭವಾಗಿ ಸಿಗುವುದಿಲ್ಲ.

ಎರಡನೆಯದು ತಾರೀಕು. ಶಿಕಾಗೊ ಮ್ಯಾರಥಾನ್ ಅಕ್ಟೋಬರ್‌ನ ಎರಡನೇ ಭಾನುವಾರ, ಗ್ರಾಂಟ್ ಪಾರ್ಕ್‌ನಿಂದ ಹೊರಟು ಅಲ್ಲೇ ಮುಗಿಯುತ್ತದೆ. ನೀವು ಹೊರಡುವ ಭಾನುವಾರ ಅದೇ ಆಗಿದ್ದರೆ ನಸುಕಿನಿಂದಲೇ ಲೂಪ್ ರಸ್ತೆಗಳು ಬಂದ್, ಟ್ಯಾಕ್ಸಿ ನಂಬಿದವರು ವಿಮಾನ ತಪ್ಪಿಸಿಕೊಳ್ಳುತ್ತಾರೆ. ಅದೇ ತಿಂಗಳಲ್ಲಿ ‘ಓಪನ್ ಹೌಸ್ ಶಿಕಾಗೊ’ ಕೂಡ ನಡೆಯುತ್ತದೆ, ಸಾಮಾನ್ಯವಾಗಿ ಮುಚ್ಚಿರುವ ಎಷ್ಟೋ ಕಟ್ಟಡಗಳೊಳಗೆ ಆ ವಾರಾಂತ್ಯ ಉಚಿತ ಪ್ರವೇಶ. ನಿಮ್ಮ ಶನಿವಾರಕ್ಕೆ ಅದು ಕೂಡಿಬಂದರೆ ಮಧ್ಯಾಹ್ನವನ್ನು ಅದಕ್ಕೇ ಕೊಡಿ. ಗ್ರಾಂಟ್ ಪಾರ್ಕ್‌ನ ಬಕಿಂಗ್‌ಹ್ಯಾಮ್ ಕಾರಂಜಿ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯಕ್ಕೆ ನಿಲ್ಲುತ್ತದೆ, ನೀರಿದ್ದರೆ ಲಾಭ ಅಂದುಕೊಳ್ಳಿ. ಸರೋವರದೊಳಕ್ಕೆ ಚಾಚಿದ ಕಟ್ಟೆ ನೇವಿ ಪಿಯರ್ ಬಿಟ್ಟರೂ ನಷ್ಟವಿಲ್ಲ: ಬೇಸಿಗೆಯ ಬುಧವಾರ-ಶನಿವಾರದ ಪಟಾಕಿ ಆ ಹೊತ್ತಿಗೆ ಮುಗಿದಿರುತ್ತದೆ, 3,300 ಅಡಿ ಉದ್ದದ ಆ ಕಟ್ಟೆಯ ಮೇಲೆ ಗಾಳಿಗೆ ಎದೆಯೊಡ್ಡಿ ನಡೆಯುವುದು ಹಿರಿಯರಿಗೆ ಹಿತವಲ್ಲ.

ಹೊಸಯಾತ್ರಿ

ಹಾಗಾದರೆ ಹೀಗೆ ಮಾಡಿಕೊಂಡಿದ್ದೇನೆ. ಶುಕ್ರವಾರ: ಹತ್ತಕ್ಕೆ ಬೋಟ್, ಊಟ, ಒಂದೂವರೆಗೆ ಕಲ್ಚರಲ್ ಸೆಂಟರ್‌ನಿಂದ ನಡಿಗೆ, ಕ್ವಿನ್ಸಿಯಿಂದ ಬ್ರೌನ್ ಲೈನ್ ಸುತ್ತು. ಶನಿವಾರ: ಎಂಟೂವರೆಗೆ ಬೀನ್, 11ಕ್ಕೆ ಆರ್ಟ್ ಇನ್‌ಸ್ಟಿಟ್ಯೂಟ್, ತಡವಾಗಿ ಪಿಜ್ಜಾ, ಹೋಟೆಲ್‌ನಲ್ಲಿ ವಿಶ್ರಾಂತಿ, ಐದೂಕಾಲಿಗೆ 360. ಅಲ್ಲಿಗೆ ಮಿಶಿಗನ್ ಅವೆನ್ಯೂದಲ್ಲಿ ನಡೆದೇ ಹೋಗಬಹುದೇ?

ಕಂಬತೊಲೆ

ಕ್ರಮ ಚೆನ್ನಾಗಿದೆ. ಲೂಪ್‌ನಿಂದ 360ಕ್ಕೆ ಎರಡು ಕಿಲೋಮೀಟರ್ ಸಮೀಪ. ಮ್ಯೂಸಿಯಂ ಆದ ದಿನ ಹಿರಿಯರನ್ನು ಅಷ್ಟು ನಡೆಸಬೇಡಿ, ಬಸ್ಸಿನಲ್ಲಿ ಹೋಗಿ. ನದಿಯ ಸೇತುವೆ ದಾಟಿದೊಡನೆ ಬಲಕ್ಕೆ ಟ್ರಿಬ್ಯೂನ್ ಟವರ್‌ನ ಬುಡದ ಗೋಡೆ ಸಿಗುತ್ತದೆ, ಲೋಕದ ನಾನಾ ಕಟ್ಟಡಗಳ ಕಲ್ಲುಚೂರುಗಳನ್ನು ಅದರಲ್ಲಿ ಹುದುಗಿಸಿದ್ದಾರೆ. ತಾಜ್ ಮಹಲಿನದೂ ಒಂದಿದೆ, ಮಗಳೇ ಹುಡುಕಲಿ. ಇದನ್ನು ಶುಕ್ರವಾರ ಬೋಟ್ ಇಳಿದ ತಕ್ಷಣ ನೋಡಿದರೆ ಅನುಕೂಲ, ಹತ್ತಿರವೇ ಇರುತ್ತೀರಿ.

ರೈಲುದಾರಿ

ಭಾನುವಾರಕ್ಕೆ ಒಂದು ಮಾತು. ವಾರಾಂತ್ಯದಲ್ಲಿ ಬ್ಲೂ ಲೈನ್ ಹಳಿ ಕೆಲಸ ಇರುವುದುಂಟು, ಆಗ ನಡುವಿನ ಕೆಲವು ನಿಲ್ದಾಣಗಳ ಮಧ್ಯೆ ಬಸ್ ಓಡಿಸುತ್ತಾರೆ. ಶನಿವಾರ ರಾತ್ರಿಯೇ ಈ ರೈಲು, ಬಸ್ಸು ನಡೆಸುವ ಸಿಟಿಎ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಬಸ್ ಇದ್ದರೆ ಅರ್ಧ ಗಂಟೆ ಮುಂಚೆ ಹೊರಡಿ, ವಿಮಾನ ಟರ್ಮಿನಲ್ 5ರಿಂದ ಆದರೆ ಅದರ ಮೇಲೆ ಇನ್ನೂ 20 ನಿಮಿಷ ಸೇರಿಸಿ.